ಸೈಕಲ್ ಡೈನಮೋದಿಂದ ಏನನ್ನು ಕೇಳಬೇಕು?

ದಿನವೂ ಸೈಕಲ್ಲಿನಲ್ಲಿ ಓಡಾಡುವವರೆಲ್ಲ ಚಕ್ರಕ್ಕೊಂದು ಡೈನಮೋ ಕೂಡಿಸಿ, ಹುಟ್ಟಿದ ವಿದ್ಯುತ್ತನ್ನು ಬ್ಯಾಟರಿಯಲ್ಲಿ ತುಂಬಿ ತಂದರೆ ಮನೆಯ ದೀಪ ಉರಿಸಬಹುದೆಂದು ತುಮಕೂರಿನ ಕೆಲವು ಗೆಳೆಯರು ಉತ್ಸಾಹದಿಂದ ಹೇಳುತ್ತಾರೆ. ಸೈಕಲ್ಲಿನ ಮೇಲೆ ನನಗೂ ಅಷ್ಟೇ ಪ್ರೀತಿಯಿದೆ. ಆದುದರಿಂದಲೇ ಈ ಲೆಕ್ಕವನ್ನು ಮುಂದಿಡುತ್ತಿದ್ದೇನೆ.

ಚಕ್ರದ ನಡುವೆ ಕೂರುವ ಸಾಮಾನ್ಯ ಹಬ್ ಡೈನಮೋದ ಸಾಮರ್ಥ್ಯ 6 ವೋಲ್ಟ್, 3 ವ್ಯಾಟ್. ಕ್ಯಾತ್ಸಂದ್ರದಿಂದ ಟೌನ್‌ಹಾಲ್ ವೃತ್ತಕ್ಕೆ ಹೋಗಿಬರುವವರು ದಿನಕ್ಕೊಂದು ಗಂಟೆ ತುಳಿದರು ಎನ್ನೋಣ. ಮೀಟರಿನಲ್ಲಿ ಒಂದು ಯೂನಿಟ್ ತೋರಿಸುವಷ್ಟು, ಅಂದರೆ ಸಾವಿರ ವ್ಯಾಟ್ ಒಂದು ಗಂಟೆ ಉರಿಯುವಷ್ಟು, ವಿದ್ಯುತ್ ಕೂಡಿಬರಲು 333 ಗಂಟೆ, ಅಂದರೆ ಹೆಚ್ಚುಕಡಿಮೆ ಒಂದು ವರ್ಷ ಬೇಕು. ಅದೂ ಪುಕ್ಕಟೆಯಲ್ಲ. ಡೈನಮೋದಿಂದ ವಿದ್ಯುತ್ ಎಳೆದಷ್ಟೂ ಪೆಡಲು ಭಾರವಾಗುತ್ತದೆ, ಆ ಭಾರವನ್ನು ಹೊರುವುದು ನಾವು ಉಂಡ ಅನ್ನವೇ. ನಮ್ಮ ಸ್ನಾಯುಗಳು ಆಹಾರದ ಶಕ್ತಿಯಲ್ಲಿ ಸುಮಾರು ಕಾಲುಭಾಗವನ್ನಷ್ಟೇ ಪೆಡಲಿಗೆ ತಲುಪಿಸುತ್ತವೆ. ಡೈನಮೋ ಅದರಲ್ಲಿ ನೂರಕ್ಕೆ ಅರವತ್ತು ಪಾಲನ್ನು ವಿದ್ಯುತ್ತಾಗಿಸಿತೆಂದರೂ ಒಂದು ಯೂನಿಟ್ಟಿಗೆ ಸುಮಾರು ಒಂದೂಮುಕ್ಕಾಲು ಕೆಜಿ ರಾಗಿ ಖರ್ಚಾಗುತ್ತದೆ. ಅದೇ ಒಂದು ಯೂನಿಟ್ಟನ್ನು ನಮ್ಮ ಜಿಲ್ಲೆಯ ಬಿಸಿಲಿನಲ್ಲಿ 300 ವ್ಯಾಟಿನ ಒಂದೇ ಸೌರ ಫಲಕ ಒಂದು ದಿನದಲ್ಲಿ ಕೊಡುತ್ತದೆ. ಪಾವಗಡ ತಾಲ್ಲೂಕಿನಲ್ಲಿ 13,000 ಎಕರೆಯಷ್ಟು ನೆಲದ ಮೇಲೆ 2,050 ಮೆಗಾವ್ಯಾಟ್ ಸೌರ ಪಾರ್ಕ್ ಇರುವಾಗ, ಮನೆಯ ವಿದ್ಯುತ್ತನ್ನು ಸೈಕಲ್ ತುಳಿಯುವವರ ಕಾಲಿನಿಂದ ಬೇಡುವುದು ನನಗೆ ಸರಿಯೆನಿಸುವುದಿಲ್ಲ.

ಹಾಗೆಂದು ಡೈನಮೋ ವ್ಯರ್ಥವಲ್ಲ. ಹಿಂದೆ ಆ 3 ವ್ಯಾಟಿನಲ್ಲಿ ತಂತಿಯ ಬಲ್ಬು ಮಂಕಾಗಿ ಉರಿಯುತ್ತಿತ್ತು. ಇಂದಿನ ಎಲ್‌ಇಡಿಗೆ ಅಷ್ಟೇ ವಿದ್ಯುತ್ ರಸ್ತೆಯ ಗುಂಡಿಗಳನ್ನು ಸ್ಪಷ್ಟವಾಗಿ ತೋರಿಸಲು ಸಾಕು. ವಿದ್ಯುತ್ತನ್ನು ತುಸುಹೊತ್ತು ಹಿಡಿದಿಡುವ ಒಂದು ಪುಟ್ಟ ಕೆಪಾಸಿಟರ್ ಇದ್ದರೆ ಸೈಕಲ್ ನಿಂತಾಗಲೂ ಹಿಂದಿನ ಕೆಂಪು ದೀಪ ಕೆಲವು ನಿಮಿಷ ಆರುವುದಿಲ್ಲ. ಟೈರಿಗೆ ಉಜ್ಜಿ ತಿರುಗುವ ಹಳೆಯ ಬಾಟಲಿ ಡೈನಮೋದಂತೆ ಹಬ್ ಡೈನಮೋ ಮಳೆಯಲ್ಲಿ ಜಾರುವುದೂ ಇಲ್ಲ. ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ನಮ್ಮ ರಾಜ್ಯದಲ್ಲಿ 2006-07ರಲ್ಲಿ ಆರಂಭವಾಯಿತು. ಸರ್ಕಾರ ಇನ್ನು ಮುಂದೆ ಕೊಡುವ ಪ್ರತಿ ಸೈಕಲ್ಲಿಗೂ ಇಂಥ ಡೈನಮೋ ಮತ್ತು ದೀಪ ಇರಲೇಬೇಕೆಂದು ನಾನು ಒತ್ತಾಯಿಸುತ್ತೇನೆ. ಸಂಜೆಯ ವಿಶೇಷ ತರಗತಿ ಮುಗಿಸಿ ಹಳ್ಳಿಗೆ ಮರಳುವ ಹುಡುಗಿಗೆ ಆ ಬೆಳಕು ಜೀವರಕ್ಷಣೆ.

ಸೈಕಲ್ಲಿನ ನಿಜವಾದ ಶಕ್ತಿ ಲಾಭ ಉರಿಸದೆ ಉಳಿಸಿದ ಪೆಟ್ರೋಲಿನಲ್ಲಿದೆ. ಲೀಟರಿಗೆ 50 ಕಿ.ಮೀ. ಓಡುವ ಬೈಕನ್ನು ಬಿಟ್ಟು ದಿನಕ್ಕೆ 10 ಕಿ.ಮೀ. ಸೈಕಲ್ ತುಳಿದರೆ 200 ಮಿಲಿ ಲೀಟರ್ ಪೆಟ್ರೋಲ್ ಉಳಿಯುತ್ತದೆ. ಅದರೊಳಗಿನ ಶಕ್ತಿಯೇ ಸುಮಾರು 1.8 ಯೂನಿಟ್, ಅಂದರೆ ಡೈನಮೋ ಒಂದು ಗಂಟೆಯಲ್ಲಿ ಕೊಡುವುದರ 600 ಪಟ್ಟು. ಜೊತೆಗೆ ಅರ್ಧ ಕೆಜಿಗೆ ಸಮೀಪದ ಇಂಗಾಲದ ಡೈಆಕ್ಸೈಡ್ ಗಾಳಿ ಸೇರುವುದು ತಪ್ಪುತ್ತದೆ. ಆದರೆ ಬಿ.ಎಚ್. ರಸ್ತೆಯಲ್ಲಿ ಬಸ್ಸು, ಲಾರಿಗಳ ಪಕ್ಕದಲ್ಲಿ ಮಗುವನ್ನು ಸೈಕಲ್ಲಿನಲ್ಲಿ ಕಳಿಸಲು ಯಾವ ತಾಯಿಗೆ ಧೈರ್ಯ ಬರುತ್ತದೆ? ಕ್ಯಾತ್ಸಂದ್ರದಿಂದ ಬಟವಾಡಿ ದಾಟಿ ಊರೊಳಗಿನವರೆಗೆ, ವಾಹನಗಳು ನುಗ್ಗದಂತೆ ಕಟ್ಟೆ ಕಟ್ಟಿದ ಪ್ರತ್ಯೇಕ ಸೈಕಲ್ ಪಥವನ್ನು ನಾವೆಲ್ಲ ಸೇರಿ ಪಾಲಿಕೆಯನ್ನು ಕೇಳೋಣ.