ಗೊಮ್ಮಟನ ಮೈಮೇಲಿನ ಬಳ್ಳಿ

2018ರ ಫೆಬ್ರವರಿಯಲ್ಲಿ ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕಕ್ಕೆ ನಾನೂ ಹೋಗಿದ್ದೆ. ಹಾಲು, ಅರಿಶಿನ, ಚಂದನ ತಲೆಯಿಂದ ಇಳಿಯುವುದನ್ನು ನೋಡಿದೆ. ಬೆಟ್ಟದ ಕೆಳಗೆ ಬಿಟ್ಟಿದ್ದ ಚಪ್ಪಲಿ ಕಳೆದುಕೊಂಡೆ. ಕೇಳಿದವರಿಗೆಲ್ಲ 58 ಅಡಿ, ಒಂದೇ ಕಲ್ಲು ಅಂತ ಹೇಳಿದೆ. ಹಾಸನದವರಿಗೆ ಗೊಮ್ಮಟ ಅಂದರೆ ಮೊದಲು ಎತ್ತರ ತಾನೇ. ಮೈಮೇಲೆ ಬಳ್ಳಿ ಹಬ್ಬಿದೆ ಅಂತ ಗೊತ್ತಿತ್ತು. ನೋಡಿರಲಿಲ್ಲ.

2021ರ ಮೇ ತಿಂಗಳಲ್ಲಿ ನನಗೆ ಕೊರೊನಾ ಬಂತು. ಹದಿನಾಲ್ಕು ದಿನ ಮಹಡಿ ರೂಮಲ್ಲಿ ಒಬ್ಬನೇ. ಹೆಂಡತಿ ಗಂಜಿ, ಮೆಣಸಿನ ಸಾರು ತಂದು ಬಾಗಿಲ ಹೊರಗೆ ಸ್ಟೂಲಿನ ಮೇಲಿಟ್ಟು "ಇಟ್ಟಿದೀನಿ ರೀ" ಅಂತ ಕೂಗಿ ಹೋಗುತ್ತಿದ್ದಳು. ಅವಳು ಕೊನೇ ಮೆಟ್ಟಿಲು ಇಳಿದ ಮೇಲೆ ನಾನು ಬಾಗಿಲು ತೆಗೆಯಬೇಕು. ಫೋನ್ ತೆರೆದರೆ ಬರೀ ಸಾವಿನ ಸುದ್ದಿ. ಅದನ್ನು ಮಗುಚಿ ಇಟ್ಟೆ. ಉಳಿದದ್ದು ಕಿಟಕಿ. ಅಮ್ಮ ಕೆಳಗಿನಿಂದ ಹಗ್ಗ ಕಟ್ಟಿ ಹಬ್ಬಿಸಿದ್ದ ಹೀರೇಬಳ್ಳಿ ಅಲ್ಲಿಗೆ ಬಂದಿತ್ತು. ಬೆಳಗ್ಗೆ ಗಾಳಿಯಲ್ಲಿ ತಡಕಾಡುತ್ತಿದ್ದ ಕುಡಿ ಸಂಜೆ ಹೊತ್ತಿಗೆ ಸರಳು ಹಿಡಿದಿರುತ್ತಿತ್ತು. ನಾನು ಹೀಗೇ ಬಿದ್ದುಕೊಂಡಿದ್ದರೆ ಇದು ನನ್ನ ಕೈಗೂ ಸುತ್ತಿಕೊಳ್ಳುತ್ತೆ ಅಂತ ಜ್ವರದಲ್ಲಿ ಅನ್ನಿಸಿತ್ತು.

ಆ ವರ್ಷದ ಕೊನೆಗೆ ಮತ್ತೆ ಬೆಟ್ಟ ಹತ್ತಿದೆ. ಆರುನೂರಕ್ಕೂ ಜಾಸ್ತಿ ಮೆಟ್ಟಿಲು. ಉಸಿರು ಇನ್ನೂ ಸರಿಹೋಗಿರಲಿಲ್ಲ, ನಾಲ್ಕು ಕಡೆ ಕೂತೆ. ಮೇಲೆ ಹೋಗಿ ನಿಂತಾಗ ಕಣ್ಣು ಮುಖಕ್ಕೆ ಹೋಗಲೇ ಇಲ್ಲ, ನೇರ ಕಾಲಿಗೆ ಹೋಯಿತು. ಹುತ್ತದಿಂದ ಹಾವು ಹೊರಬಂದಿವೆ. ಬಳ್ಳಿ ಕಾಲು ಸುತ್ತಿಕೊಂಡು ತೋಳಿನವರೆಗೂ ಹಬ್ಬಿದೆ. ಬಾಹುಬಲಿ ಒಂದು ವರ್ಷ ಕದಲದೆ ನಿಂತ ಅನ್ನುತ್ತಾರೆ. ಒಂದು ವರ್ಷವನ್ನು ಕಲ್ಲಲ್ಲಿ ತೋರಿಸುವುದು ಹೇಗೆ? ಶಿಲ್ಪಿ ಅದನ್ನು ಮೈಯಲ್ಲಿ ತೋರಿಸಿಲ್ಲ. ಮೈ ಸೊರಗಿಲ್ಲ, ಮುಖ ದಣಿದಿಲ್ಲ. ಕಳೆದ ದಿನಗಳೆಲ್ಲ ಬಳ್ಳಿಯಲ್ಲಿವೆ, ಹುತ್ತದಲ್ಲಿವೆ. ಸಾವಿರ ವರ್ಷದಿಂದ ಕಣ್ಣೆದುರೇ ಇರುವ ಈ ಲೆಕ್ಕ ತಿಳಿಯೋಕೆ ನನಗೆ ಹೀರೇಬಳ್ಳಿ ಬೇಕಾಯಿತು ನೋಡಿ.

"ಸ್ವಾಮಿಗೂ ಕ್ವಾರಂಟೈನ್ ಆಗಿತ್ತು ಮೇಷ್ಟ್ರೇ" ಅಂದೆ ಜೊತೆಗಿದ್ದ ಸ್ನೇಹಿತರಿಗೆ. ಅವರು ಡ್ರಾಯಿಂಗ್ ಮೇಷ್ಟ್ರು. ನಗಲಿಲ್ಲ.

"ನಿಮ್ಮನ್ನ ಕೂಡಿಹಾಕಿದ್ರು. ಅವರು ಗೆದ್ದ ರಾಜ್ಯಾನ ಅಣ್ಣನಿಗೇ ಬಿಟ್ಟುಕೊಟ್ಟು ತಾವಾಗೇ ನಿಂತರು. ಎರಡೂ ಒಂದೇ ಏನ್ರೀ?"

ಇಳಿಯುವಾಗ ನೆರಳಲ್ಲಿ ಕೂತು ಫೋನಲ್ಲಿ ಎರಡು ಚಿತ್ರ ತೋರಿಸಿದರು. ಒಂದು ನಾರ್ವೆಯ ಎಡ್ವರ್ಡ್ ಮುಂಕ್ 1919ರಲ್ಲಿ ಬರೆದುಕೊಂಡ ತನ್ನದೇ ಚಿತ್ರ. ಆಗ ಲೋಕಕ್ಕೆಲ್ಲ ಹಬ್ಬಿದ್ದ ಸ್ಪ್ಯಾನಿಷ್ ಫ್ಲೂ ಜ್ವರ ಚಿತ್ರದ ಹೆಸರಲ್ಲೇ ಇದೆ. ಕುರ್ಚಿ, ಕಾಲ ಮೇಲೆ ಹೊದಿಕೆ, ಪಕ್ಕದಲ್ಲಿ ಹಾಸಿಗೆ, ಅರೆತೆರೆದ ಬಾಯಿ. ಉಸಿರಿಗೆ ಕಾಯುವ ಆ ಬಾಯಿ ನನಗೆ ಚೆನ್ನಾಗಿ ಗೊತ್ತು.

ಇನ್ನೊಂದು ವಿಯೆನ್ನಾದ ಎಗಾನ್ ಶೀಲೆಯ 'ಕುಟುಂಬ'. ಗಂಡ, ಹೆಂಡತಿ, ಪುಟ್ಟ ಮಗು. 1918ರ ಅಕ್ಟೋಬರ್ 28ಕ್ಕೆ ಶೀಲೆಯ ಬಸುರಿ ಹೆಂಡತಿ ಅದೇ ಫ್ಲೂನಿಂದ ತೀರಿಕೊಂಡಳು. 31ಕ್ಕೆ ಅವನೂ ಹೋದ. ವಯಸ್ಸು ಬರೀ 28. ಇಷ್ಟು ಕೇಳಿದ ಮೇಲೆ ಆ ಮುಖಗಳಲ್ಲಿ ರೋಗ ಬಿಟ್ಟು ಬೇರೇನೂ ಕಾಣಲಿಲ್ಲ. ಆಮೇಲೆ ಮೇಷ್ಟ್ರು ಮೆಲ್ಲಗೆ ಹೇಳಿದರು, ಹೆಂಡತಿ ಕಾಯಿಲೆ ಬೀಳುವುದಕ್ಕೆ ಎಷ್ಟೋ ತಿಂಗಳು ಮುಂಚೆಯೇ ಅವನು ಆ ಚಿತ್ರಕ್ಕೆ ಕೈ ಹಾಕಿದ್ದ. ಹಾಗಾದರೆ ನಾನು ಕಂಡ ರೋಗ ಯಾರದ್ದು?

ಪೆಚ್ಚಾದೆ. ಆದರೂ ಮೇಷ್ಟ್ರ ಮಾತನ್ನು ಪೂರ್ತಿ ಒಪ್ಪಲಾರೆ. ನನಗೆ ಬಳ್ಳಿಯನ್ನು ತೋರಿಸಿದ್ದು ನನ್ನ ಜ್ವರವೇ, ಅದು ಸುಳ್ಳಲ್ಲ. ಪುಸ್ತಕ ಓದಿ ಬಂದಿದ್ದರೂ ನನಗೆ ಅದು ಹಾಗೆ ಕಾಣುತ್ತಿರಲಿಲ್ಲ. ಆದರೆ ಬಳ್ಳಿ ಕಂಡದ್ದೇ ತಡ, ಇಡೀ ಗೊಮ್ಮಟ ನನ್ನ ಕಥೆ ಹೇಳುತ್ತಿದ್ದಾನೆ ಅಂದುಕೊಂಡೆನಲ್ಲ, ಅದು ದುರಾಸೆ.

ಮೊನ್ನೆ ಮತ್ತೆ ಹೋಗಿದ್ದೆ. ಈ ಸಲ ಬೇಕಂತಲೇ ಮುಖ ನೋಡಿದೆ, ಕತ್ತು ನೋಯುವಷ್ಟು ಹೊತ್ತು. ಹೆದರಿಕೆ ಎಲ್ಲಾದರೂ ಇದೆಯಾ ಅಂತ ಹುಡುಕಿದೆ. ಇರಲಿಲ್ಲ. ಆ ಹದಿನಾಲ್ಕು ದಿನ ಬಚ್ಚಲುಮನೆ ಕನ್ನಡಿಯಲ್ಲಿ ಕಂಡ ನನ್ನ ಮುಖ ಒಂದು ದಿನವೂ ಹಾಗಿರಲಿಲ್ಲ.