ತೆಪ್ಪಾನ್‌ಯಾಕಿ ಕೌಂಟರಿನಲ್ಲಿ ಬೆಂಕಿ ಬೇಡ, ಕೈ ನೋಡಿ

ತೆಪ್ಪಾನ್‌ಯಾಕಿ (ಗಿರಾಕಿಯ ಎದುರೇ ಕಾದ ಕಬ್ಬಿಣದ ತಟ್ಟೆಯ ಮೇಲೆ ಬೇಯಿಸಿ ಕೊಡುವ ಜಪಾನಿ ಅಡುಗೆ) ಅಂದ ಕೂಡಲೇ ತುಂಬಾ ಜನಕ್ಕೆ ಕಣ್ಮುಂದೆ ಬರುವುದು ಬೆಂಕಿ. ಈರುಳ್ಳಿ ಬಿಲ್ಲೆಗಳನ್ನು ಒಂದರ ಮೇಲೊಂದು ಪೇರಿಸಿ ಒಳಗಿಂದ ಜ್ವಾಲೆ ಎಬ್ಬಿಸುವುದು, ಸಿಗಡಿ ಬಾಲ ಹಾರಿಸಿ ಟೋಪಿಯಲ್ಲಿ ಹಿಡಿಯುವುದು, ಚಾಕು ಗಿರಗಿರ ತಿರುಗಿಸುವುದು. ರೀಲ್ಸ್ ತುಂಬಾ ಅದೇ. ಮೊನ್ನೆ ಗೆಳೆಯರ ಜೊತೆ ಜಪಾನಿನ ಕೋಬೆ ನಗರದಲ್ಲಿ ಒಂದು ದುಬಾರಿ ತೆಪ್ಪಾನ್‌ಯಾಕಿ ರೆಸ್ಟೋರೆಂಟಿಗೆ ಹೋಗಿದ್ದೆ. ಬಂದ ಮೇಲೆ ನನ್ನ ಅಭಿಪ್ರಾಯ ಇನ್ನೂ ಗಟ್ಟಿಯಾಗಿದೆ. ಅಲ್ಲಿ ನಾವು ದುಡ್ಡು ಕೊಡುವುದು ಅಡುಗೆಯವರ ಕೈಚಳಕಕ್ಕೆ. ಆ ಕೈ ಏನು ಮಾಡುತ್ತಿದೆ ಅಂತ ನೋಡದೆ ಎದ್ದು ಬಂದರೆ ಅರ್ಧ ಊಟ ಬಿಟ್ಟು ಬಂದ ಹಾಗೆ.

ಈ ಬೆಂಕಿಯಾಟ ಎಲ್ಲಿಂದ ಬಂತು ಅಂತ ಗೊತ್ತಾದರೆ ವಿಷಯ ಸುಲಭವಾಗುತ್ತದೆ. ಕೋಬೆಯಲ್ಲಿ ಮಿಸೊನೊ ಅನ್ನುವ ರೆಸ್ಟೋರೆಂಟ್ 1945ರಲ್ಲಿ ಶುರುವಾಯಿತು. ಕಾದ ಕಬ್ಬಿಣದ ತಟ್ಟೆಯ ಮೇಲೆ ಗಿರಾಕಿಯ ಎದುರೇ ಸ್ಟೇಕ್ ಮಾಡಿಕೊಡುವ ಪದ್ಧತಿ ತಮ್ಮಿಂದಲೇ ಶುರುವಾಯಿತು ಎಂದು ಅವರು ಹೇಳುತ್ತಾರೆ. ಯುದ್ಧ ಮುಗಿದಿದ್ದ ಕಾಲ. ಅಲ್ಲಿದ್ದ ಅಮೆರಿಕದ ಸೈನಿಕರಿಗೆ ಇದು ಬಹಳ ಹಿಡಿಸಿತು. ಮುಂದೆ 1964ರಲ್ಲಿ ಹಿರೋಆಕಿ ಆಓಕಿ ನ್ಯೂಯಾರ್ಕಿನಲ್ಲಿ ಬೆನಿಹಾನ ಅನ್ನುವ ರೆಸ್ಟೋರೆಂಟ್ ತೆರೆದರು. ಚಾಕು ಕುಣಿಸುವ ಶೈಲಿ ಜಗತ್ತಿಗೆಲ್ಲ ಹಬ್ಬಿದ್ದು ಅಲ್ಲಿಂದ. ಅದರ ಖುಷಿ ಅದಕ್ಕಿದೆ, ಮಕ್ಕಳಿಗಂತೂ ಹಬ್ಬ. ಆದರೆ ಜಪಾನಿನ ದೊಡ್ಡ ಕೌಂಟರುಗಳಲ್ಲಿ ಅದನ್ನು ಹುಡುಕಬೇಡಿ. ನಮ್ಮ ಗುಂಪಿನಲ್ಲಿ ಒಬ್ಬ 'ಬೆಂಕಿ ಯಾವಾಗ ಬರುತ್ತೆ?' ಅಂತ ಕೇಳುತ್ತಲೇ ಇದ್ದ. ಬರಲಿಲ್ಲ.

ಬಂದದ್ದು ಬೆಳ್ಳುಳ್ಳಿ. ಕಾಗದದಷ್ಟು ತೆಳ್ಳಗೆ ಹೆಚ್ಚಿದ ಎಸಳುಗಳು. ಕಬ್ಬಿಣದ ತಟ್ಟೆಯ ಕಡಿಮೆ ಬಿಸಿ ಇರುವ ಮೂಲೆಯಲ್ಲಿ ಸ್ವಲ್ಪ ಎಣ್ಣೆ ಹರಡಿ, ಅದರಲ್ಲಿ ಅವನ್ನು ಬಿಟ್ಟರು. ಅವಸರವೇ ಇಲ್ಲ. ಅಗಲದ ಸಟ್ಟುಗದ ತುದಿಯಿಂದ ಆಗಾಗ ಒಂದೊಂದೇ ಎಸಳನ್ನು ಮಗುಚುತ್ತಿದ್ದರು. ಬಣ್ಣ ಹೊನ್ನಿಗೆ ತಿರುಗುವ ಮೊದಲೇ ಎತ್ತಿಬಿಟ್ಟರು. ಇನ್ನೂ ಬೇಯಬೇಕಿತ್ತಲ್ವಾ ಅಂದುಕೊಂಡೆ. ಹೊರಗೆ ತೆಗೆದ ಮೇಲೂ ಒಳಗಿನ ಬಿಸಿಗೆ ಅವು ಬಣ್ಣ ಏರಿ, ಗರಿಗರಿಯಾಗಿ ಕೂತವು. ಇನ್ನೊಂದು ಕ್ಷಣ ಬಿಟ್ಟಿದ್ದರೆ ಕಹಿ. ಬೆಳ್ಳುಳ್ಳಿಯ ಪರಿಮಳ ಹೀರಿದ ಆ ಎಣ್ಣೆಯಲ್ಲೇ ಆಮೇಲೆ ಮಾಂಸ ಬೆಂದಿತು. ಇದಕ್ಕಿಂತ ದೊಡ್ಡ ಪ್ರದರ್ಶನ ಇನ್ನೇನು ಬೇಕು?

ಮಾಂಸವನ್ನು ಹಸಿಯಾಗಿರುವಾಗಲೇ ತಂದು ತೋರಿಸಿದರು. ಜಪಾನಿನಲ್ಲಿ ಪ್ರತಿ ದನಕ್ಕೂ 10 ಅಂಕಿಯ ಗುರುತಿನ ಸಂಖ್ಯೆ ಇರುತ್ತದೆ. ಅದನ್ನು ಹಾಕಿದರೆ ಎಲ್ಲಿ ಹುಟ್ಟಿತು, ಎಲ್ಲಿ ಬೆಳೆಯಿತು ಅಂತ ಇಂಟರ್ನೆಟ್ಟಿನಲ್ಲೇ ಸಿಗುತ್ತದೆ. ಕೋಬೆ ಬೀಫ್ ಅನ್ನಬೇಕಾದರೆ ಅದು ಹ್ಯೋಗೊ ಪ್ರಾಂತ್ಯದ ತಾಜಿಮಾ ತಳಿಯದೇ ಆಗಿರಬೇಕು. ಕೊಬ್ಬಿನ ಗೆರೆಗಳನ್ನು ಅಳೆಯುವ 12ರ ಮಾಪನದಲ್ಲಿ ಕನಿಷ್ಠ 6 ಬರಬೇಕು. ಬೇರೆ ಷರತ್ತುಗಳೂ ಇವೆ. ಬೆಲೆ ಸುಮ್ನೆ ಏರಿದ್ದಲ್ಲ.

ಇಲ್ಲಿ ಒಂದು ಜಗಳ ಆಡಲೇಬೇಕು. 'ಇಷ್ಟು ದುಡ್ಡಿಗೆ ಇಷ್ಟೇನಾ?' ಅಂತ ಕೇಳುವವರ ಜೊತೆ. ಈ ಮಾಂಸದ ಕೊಬ್ಬು ಬಾಯಿಯ ಬಿಸಿಗೇ ಕರಗುತ್ತದೆ. ಮೊದಲ ನಾಲ್ಕು ತುಂಡು ಸ್ವರ್ಗ. ಹತ್ತನೆಯದಕ್ಕೆ ನಾಲಿಗೆ ಸೋತಿರುತ್ತದೆ. 100 ಗ್ರಾಂ ಸಾಕು, ನಿಜವಾಗಿ ಸಾಕು. ಜಾಸ್ತಿ ತಗೊಂಡು ಕೊನೆಯ ತುಂಡುಗಳನ್ನು ಕಷ್ಟಪಟ್ಟು ನುಂಗುವುದು ಆ ಪ್ರಾಣಿಗೂ ಮರ್ಯಾದೆಯಲ್ಲ, ಅಡುಗೆಯವರಿಗೂ ಅಲ್ಲ. ಹೊಟ್ಟೆ ತುಂಬಿಸಲು ಕೊನೆಗೆ ಬೆಳ್ಳುಳ್ಳಿ ಅನ್ನ ಬರುತ್ತದೆ. ಅದೇ ತಟ್ಟೆಯ ಮೇಲೆ ಅನ್ನವನ್ನು ತೆಳ್ಳಗೆ ಒತ್ತಿ, ತಳ ಸ್ವಲ್ಪ ಸೀಯುವವರೆಗೆ ಬಿಟ್ಟು, ಅಂಚಿನಲ್ಲಿ ಒಂದು ಗೆರೆ ಸೋಯಾ ಸಾಸ್ ಬಿಡುತ್ತಾರೆ. ಸಾಸ್ ಕಬ್ಬಿಣಕ್ಕೆ ತಾಗಿ ಚುರ್ ಅಂದಾಗ ಏಳುವ ವಾಸನೆಗೆ ಮಾತಾಡುತ್ತಿದ್ದವರೆಲ್ಲ ಸುಮ್ಮನಾದೆವು. ನನ್ನ ಮಟ್ಟಿಗೆ ಇಡೀ ಊಟದ ಅತಿ ರುಚಿಯಾದ ಪದಾರ್ಥ ಅದೇ. ಮಾಂಸ ಎರಡನೆಯದು.

ಗೆಳೆಯರ ಜೊತೆ ಹೋಗುವವರಿಗೆ ಒಂದು ಮಾತು. ಕೌಂಟರಿನಲ್ಲಿ ಎಲ್ಲರೂ ಸಾಲಾಗಿ ಕೂರಬೇಕು, ಮುಖ ನೋಡಿ ಹರಟೆ ಹೊಡೆಯಲು ಆಗದು. ಆರು ಜನ ಹೋದರೆ ಈ ತುದಿಯವನಿಗೆ ಆ ತುದಿಯವಳ ಮಾತು ಕೇಳಿಸದು. ನಾಲ್ಕು ಜನ ಸರಿ. ವರ್ಷದ ಸುದ್ದಿಯನ್ನೆಲ್ಲ ಹಂಚಿಕೊಳ್ಳಬೇಕು ಅಂತಿದ್ದರೆ ಇಜಾಕಾಯಾಕ್ಕೆ, ಅಂದರೆ ಕುಡಿಯುತ್ತ ತಿನ್ನುತ್ತ ಹರಟೆ ಹೊಡೆಯುವ ಜಪಾನಿ ಪಬ್ಬಿಗೆ, ಹೋಗಿ. ತೆಪ್ಪಾನ್‌ಯಾಕಿಯಲ್ಲಿ ಎಲ್ಲರ ಕಣ್ಣು ಒಂದೇ ಕಡೆ ಇರುತ್ತದೆ, ಮಾತು ನಡುನಡುವೆ ಬರುತ್ತದೆ. ನನಗೆ ಅದು ಇಷ್ಟ. ಬಹಳ ದಿನದ ಸ್ನೇಹದಲ್ಲಿ ಹಾಗೆ ಪಕ್ಕಪಕ್ಕ ಕೂತು ಒಂದನ್ನೇ ನೋಡುವುದೂ ಬೇಕು.

ಫೋನ್ ವಿಷಯ. ಒಂದು ಫೋಟೋ ತೆಗೆಯಿರಿ, ಯಾರೂ ಬೇಡ ಅನ್ನುವುದಿಲ್ಲ. ಆದರೆ ಅಡುಗೆಯವರು ಬಿಸಿಬಿಸಿ ತುಂಡನ್ನು ನಿಮ್ಮ ಮುಂದೆ ಇಟ್ಟಾಗ ತಕ್ಷಣ ತಿನ್ನಿ. ಅವರು ಕ್ಷಣ ಲೆಕ್ಕ ಹಾಕಿ ತೆಗೆದಿರುತ್ತಾರೆ. ಕೋನ ಸರಿಮಾಡಿಕೊಂಡು ವಿಡಿಯೋ ಮುಗಿಸುವಷ್ಟರಲ್ಲಿ ಆ ಲೆಕ್ಕ ತಪ್ಪಿರುತ್ತದೆ. ನಮ್ಮ ಪಕ್ಕದ ಗುಂಪಿನವರು ತಣ್ಣಗಾದ ಮಾಂಸ ತಿನ್ನುತ್ತಿದ್ದರು. ಎದುರು ನಿಂತಿದ್ದ ಅಡುಗೆಯವರ ಕಣ್ಣು ಆ ತಟ್ಟೆಗಳ ಮೇಲೇ ಇತ್ತು. ನನಗೆ ನಿಜವಾಗಿ ಬೇಸರವಾಯಿತು.

ಇನ್ನು ಖರ್ಚು. ಇಂಥ ಕಡೆ ರಾತ್ರಿ ಊಟ ಒಬ್ಬರಿಗೆ 20,000 ಯೆನ್ ದಾಟುವುದು ಮಾಮೂಲು. ಅದರ ಮೇಲೆ 10% ತೆರಿಗೆ ಇದೆ, ಎಷ್ಟೋ ಕಡೆ ಸರ್ವೀಸ್ ಚಾರ್ಜ್ ಬೇರೆ. ಟಿಪ್ಸ್ ಕೊಡುವ ರೂಢಿ ಇಲ್ಲ. ಮಧ್ಯಾಹ್ನದ ಕೋರ್ಸ್ (ಒಂದಾದ ಮೇಲೊಂದು ಬರುವ ನಿಗದಿತ ಊಟ) ತುಂಬಾ ಅಗ್ಗ. ಅದೇ ಕೌಂಟರ್, ಅದೇ ಕೈ, ಹಾಗಾಗಿ ಮೊದಲ ಸಲ ಹೋಗುವವರು ಮಧ್ಯಾಹ್ನವೇ ಹೋಗಲಿ. ಗುಂಪಿನಲ್ಲಿ ಎಲ್ಲರ ಸಂಬಳ ಒಂದೇ ಇರಲ್ಲ, ಅಲ್ವಾ? ಜಾಗ ಸೂಚಿಸಿದವರು ಬುಕ್ ಮಾಡುವ ಮೊದಲೇ ಬೆಲೆಯನ್ನು ಗುಂಪಿನಲ್ಲಿ ಹಾಕಲಿ. 'ಈ ಸಲ ನಾನು ಬರಲ್ಲ' ಅನ್ನಲು ಒಬ್ಬರಿಗೆ ಅವಕಾಶ ಇರಲಿ. ದನದ ಮಾಂಸ ತಿನ್ನದವರಿಗೆ ಎಷ್ಟೋ ಕಡೆ ಸಿಗಡಿ, ಸ್ಕ್ಯಾಲಪ್, ಅಬಲೋನಿಯಂಥ ಸಮುದ್ರದ ಚಿಪ್ಪುಜೀವಿಗಳಿರುವ ಕೋರ್ಸ್ ಸಿಗುತ್ತದೆ, ಆದರೆ ಬುಕ್ ಮಾಡುವಾಗಲೇ ಹೇಳಬೇಕು. ಪೂರ್ತಿ ಸಸ್ಯಾಹಾರಿ ಗೆಳೆಯರನ್ನು ಮಾತ್ರ ಒತ್ತಾಯ ಮಾಡಿ ಕರೆದೊಯ್ಯಬೇಡಿ. ತರಕಾರಿ ಬೇಯುವುದೂ ಮಾಂಸ ಬೆಂದ ಅದೇ ತಟ್ಟೆಯ ಮೇಲೆ.