ಮೂರನೆಯದು ಕೇಳಿಸಿತೋ ಇಲ್ಲವೋ

ನಿನ್ನೆ ರಾತ್ರಿ ದಾವಣಗೆರೆಯ ಬಾಷಾ ನಗರದಲ್ಲಿ, ನಮ್ಮ ನೆಂಟರೊಬ್ಬರ ಮನೆಯಲ್ಲಿ ಪಂಚಾಯಿತಿ ಸೇರಿತ್ತು. ಆ ಮನೆಯ ಹುಡುಗಿಗೆ ಗಂಡ ವಾಟ್ಸ್‌ಆ್ಯಪ್‌ನಲ್ಲಿ ಧ್ವನಿ ಸಂದೇಶ ಕಳುಹಿಸಿದ್ದಾನೆ. ಮೊಬೈಲನ್ನು ದಿವಾನ್ ಮೇಲಿಟ್ಟು ಆರೇಳು ಗಂಡಸರು ಬಗ್ಗಿ ಕೇಳುತ್ತಿದ್ದರು. ಮೂರು ಸಲ ತಲಾಖ್ ಎಂದರೆ ಮದುವೆ ಮುರಿಯಿತು ಎಂಬುದು ಅವರ ಲೆಕ್ಕ. ಎರಡು ಸಲ ಎಂದದ್ದು ಸ್ಪಷ್ಟ. ಮೂರನೆಯ ಹೊತ್ತಿಗೆ ಹಿಂದಿನಿಂದ ಲಾರಿಯ ಹಾರ್ನ್. “ಇನ್ನೊಮ್ಮೆ ಹಾಕು, ಜೋರು ಮಾಡು” ಎಂದರು ಒಬ್ಬ ಮಾಮು. ಇನ್ನೊಬ್ಬರು ಮೊಬೈಲನ್ನು ಕಿವಿಗೇ ಒತ್ತಿಕೊಂಡರು. ಹುಡುಗಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅವಳನ್ನು ಯಾರೂ ಏನೂ ಕೇಳಲಿಲ್ಲ. ಕ್ಷಮಿಸಿ, ಚಹಾ ಕೇಳಿದರು.

ನನ್ನ ಬಾಯಿ ಸುಮ್ಮನಿರುವುದಿಲ್ಲ ಎಂಬುದು ನಿಮಗೆಲ್ಲ ಗೊತ್ತಿರುವುದೇ. ಸುಪ್ರೀಂ ಕೋರ್ಟ್ 2017ರ ಆಗಸ್ಟ್ 22ರಂದೇ ಶಾಯರಾ ಬಾನು ಪ್ರಕರಣದಲ್ಲಿ ಒಟ್ಟಿಗೆ ಮೂರು ತಲಾಖ್ ಹೇಳುವುದನ್ನು ತಳ್ಳಿಹಾಕಿದೆ. 2019ರ ಕಾಯ್ದೆಯಂತೆ ಬಾಯಲ್ಲಿ ಹೇಳಲಿ, ಬರೆದು ಕೊಡಲಿ, ಮೊಬೈಲಿನಲ್ಲಿ ಕಳುಹಿಸಲಿ, ಇಂಥ ತಲಾಖ್ ಅಸಿಂಧು, ಇವಳ ನಿಕಾಹ್ ಹಾಗೆಯೇ ಇದೆ ಎಂದೆ. “ಅದು ಸರ್ಕಾರದ ಮಾತು ಬೇಟಿ, ಇದು ಶರೀಅತ್ತಿನ ಮಾತು” ಎಂದರು ಮಾಮು.

ಸರಿ, ಶರೀಅತ್ತಿನ ಮಾತನ್ನೇ ಆಡೋಣ. ಗಂಡ ಹೆಂಡತಿ ಒಡೆಯುವ ಭಯವಿದ್ದರೆ ಅವನ ಕಡೆಯಿಂದ ಒಬ್ಬರು, ಅವಳ ಕಡೆಯಿಂದ ಒಬ್ಬರು ಮಧ್ಯಸ್ಥರನ್ನು ಕೂರಿಸಿ ಎನ್ನುತ್ತದೆ ಕುರ್‌ಆನಿನ ಸೂರಾ ನಿಸಾ. ತಲಾಖ್ ಎರಡು ಬಾರಿ, ಆಮೇಲೆ ಮರ್ಯಾದೆಯಿಂದ ಇಟ್ಟುಕೊಳ್ಳಿ ಇಲ್ಲವೇ ಒಳ್ಳೆಯ ರೀತಿಯಲ್ಲಿ ಬಿಟ್ಟುಕೊಡಿ ಎನ್ನುತ್ತದೆ ಸೂರಾ ಬಕರಾ. ಎಲ್ಲ ಉಲೇಮಾಗಳೂ (ಧರ್ಮಪಂಡಿತರು) ಉತ್ತಮವೆಂದು ಒಪ್ಪುವ ಕ್ರಮದಲ್ಲಿ ಹೇಳುವುದು ಒಂದೇ ಸಲ. ಆಮೇಲೆ ಇದ್ದತ್ ಎಂಬ ಗಡುವು ಮುಗಿಯುವವರೆಗೆ ಕಾಯಬೇಕು, ಅಷ್ಟರೊಳಗೆ ಮನಸ್ಸು ತಿರುಗಿದರೆ ಸಂಸಾರ ಉಳಿಯಿತು. ನಿನ್ನೆ ಮಧ್ಯಸ್ಥರು ಯಾರು, ಇದ್ದತ್ ಎಲ್ಲಿ ಎಂದು ಕೇಳಿದವರಿಲ್ಲ. ಹರಾಜಿನಲ್ಲಿ ಒಂದನೇ ಸಲ, ಎರಡನೇ ಸಲ ಎಂದು ಕೂಗಿದಂತೆ ಲೆಕ್ಕ ಮಾತ್ರ ನಡೆದಿತ್ತು.

“ನಾವು ಹನಫಿಗಳು, ಒಂದೇ ಉಸಿರಿನಲ್ಲಿ ಹೇಳಿದರೂ ಮೂರು ಎಂದರೆ ಮೂರೇ” ಎಂಬ ಉತ್ತರ ಸಿದ್ಧವಾಗಿಯೇ ಇತ್ತು. ಗೊತ್ತು. ಹನಫಿಯೂ ಸೇರಿ ನಾಲ್ಕೂ ಸುನ್ನಿ ಪಂಥಗಳ, ಎಂದರೆ ಮಜಹಬ್‌ಗಳ ಹೆಚ್ಚಿನವರು ಹಾಗೆಯೇ ಹೇಳುತ್ತಾರೆ. ಆದರೆ ಪ್ರವಾದಿಯವರ ಕಾಲದಲ್ಲಿ, ಮೊದಲ ಖಲೀಫ ಅಬೂಬಕರ್ ಅವರ ಕಾಲದಲ್ಲಿ, ಎರಡನೆಯ ಖಲೀಫ ಉಮರ್ ಅವರ ಆಳ್ವಿಕೆಯ ಮೊದಲ ವರ್ಷಗಳಲ್ಲಿ ಒಟ್ಟಿಗೆ ಹೇಳಿದ ಮೂರನ್ನು ಒಂದೆಂದೇ ಎಣಿಸುತ್ತಿದ್ದರು ಎಂಬ ಇಬ್ನ್ ಅಬ್ಬಾಸರ (ಪ್ರವಾದಿಯವರ ಸಂಗಾತಿ) ಮಾತು ಸಹೀಹ್ ಮುಸ್ಲಿಂ ಎಂಬ ಹದೀಸ್ ಸಂಗ್ರಹದಲ್ಲೇ ಇದೆ. ಸುನ್ನಿಗಳಲ್ಲೇ ಒಂದು ಪಂಗಡವಾದ ಅಹ್ಲೆ ಹದೀಸ್‌ನವರು ಇಂದಿಗೂ ಒಂದೆಂದೇ ಎಣಿಸುತ್ತಾರೆ. ಶಿಯಾಗಳಿಗೆ ಇಬ್ಬರು ಸಾಕ್ಷಿಗಳಿಲ್ಲದೆ ತಲಾಖೇ ಇಲ್ಲ. ಈಜಿಪ್ಟ್ 1929ರಲ್ಲೇ ಒಟ್ಟಿಗೆ ಹೇಳಿದ ಮೂರನ್ನು ಕಾನೂನಿನಲ್ಲಿ ಒಂದಕ್ಕೆ ಇಳಿಸಿತು. ಇನ್ನು ನಮ್ಮ ಹನಫಿ ಪಂಡಿತರಾದರೂ ಏನೆನ್ನುತ್ತಾರೆ? ಒಟ್ಟಿಗೆ ಮೂರು ಹೇಳುವುದು ಪಾಪ, ಆದರೆ ಊರ್ಜಿತ. ಪಾಪ ಮಾಡಿದವನು ಅವನು, ಗಂಟುಮೂಟೆ ಕಟ್ಟುವವಳು ಇವಳು. ಎಂಥ ನ್ಯಾಯ!

ಮದುವೆಯಾದ ಹೊಸದರಲ್ಲಿ ನಮ್ಮವರಿಗೆ ಸಿಟ್ಟು ಬಂದಾಗಲೆಲ್ಲ ನಾನು ಅವರ ಕಣ್ಣು ನೋಡುತ್ತಿರಲಿಲ್ಲ, ತುಟಿ ನೋಡುತ್ತಿದ್ದೆ. ಇದನ್ನು ಅವರಿಗೂ ಹೇಳಿರಲಿಲ್ಲ, ಇಲ್ಲಿಯೇ ಓದಿಕೊಳ್ಳಲಿ. ಆಗ ಸಾರಿಗೆ ಉಪ್ಪು ಹೆಚ್ಚಾದರೂ ಎದೆ ಹೊಡೆದುಕೊಳ್ಳುತ್ತಿತ್ತು.

2019ರ ಆ ಕಾಯ್ದೆಯಂತೆ ಗಂಡನನ್ನು ಮೂರು ವರ್ಷದವರೆಗೆ ಜೈಲಿಗೆ ಹಾಕಿದರೆ ಅನ್ನ ಹಾಕುವವರು ಯಾರು ಎನ್ನುವವರಿದ್ದಾರೆ. ಆ ಶಿಕ್ಷೆ ನನಗೂ ಗಂಟಲಲ್ಲಿ ಇಳಿಯುವುದಿಲ್ಲ. ಆದರೆ ಹೆಂಡತಿಗೂ ಮಕ್ಕಳಿಗೂ ಜೀವನಾಂಶ ಕೊಡಬೇಕೆಂದು ಅದೇ ಕಾಯ್ದೆ ಹೇಳುತ್ತದೆ. ಮ್ಯಾಜಿಸ್ಟ್ರೇಟರು ಅವಳ ಮಾತು ಕೇಳದೆ ಅವನಿಗೆ ಜಾಮೀನು ಕೊಡುವಂತಿಲ್ಲ. ಅವಳು ಬಯಸಿದರೆ ಮ್ಯಾಜಿಸ್ಟ್ರೇಟರ ಅನುಮತಿಯಿಂದ ರಾಜಿಯೂ ಆಗಬಹುದು. ಅಲ್ಲಿಯಾದರೂ ಒಬ್ಬರು ಅವಳನ್ನು ಕೇಳುತ್ತಾರೆ. ನಿನ್ನೆಯ ಅಷ್ಟು ಹಿರಿಯರಲ್ಲಿ ಆ ಒಬ್ಬರು ಇರಲಿಲ್ಲ.

ಇದನ್ನು ಹಂಚಿಕೊಂಡು ನಮ್ಮ ಜನರನ್ನು ಆಡಿಕೊಳ್ಳಲು ಕಾದಿರುವವರು ದಯವಿಟ್ಟು ಸುಮ್ಮನಿರಿ. ತಲಾಖೂ ಇಲ್ಲ, ಡೈವೋರ್ಸೂ ಇಲ್ಲ, ಹೆಂಡತಿಯನ್ನು ತವರಿಗೆ ಬಿಟ್ಟು ಬಂದು ಮತ್ತೆ ಕರೆಯದ ಗಂಡಂದಿರು ನಿಮ್ಮ ಬೀದಿಯಲ್ಲೂ ಇದ್ದಾರೆ.

ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಣ್ಣುಮಕ್ಕಳಿಗೆ, ಆದಾಯ ಎಷ್ಟೇ ಇರಲಿ, ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ಹೇಗೆ ಹೋಗಬೇಕೆಂದು ತಿಳಿಯದವರು ಮೆಸೆಂಜರ್‌ನಲ್ಲಿ ಕೇಳಿ, ಜೊತೆಗೆ ಬರುತ್ತೇನೆ. ಫತ್ವಾ ಕೊಡಬೇಕೆನಿಸಿದವರು ಅಲ್ಲಿಗೆ ಬರುವ ತೊಂದರೆ ತೆಗೆದುಕೊಳ್ಳಬೇಡಿ.